ಹೆಡ್‌ಲೈಟ್ ಬದಲಿಸಿದರೂ ಕತ್ತಲು ಹೋಗದೇಕೆ?

ಬೆಂಗಳೂರು: ಹೊಸ ಎಲ್ಇಡಿ ಬಲ್ಬ್ ಹಾಕಿಸಿಕೊಂಡ ಕಾರು ಗ್ಯಾರೇಜಿನ ಗೋಡೆಯ ಮುಂದೆ ಹಾಲು ಚೆಲ್ಲಿದಂತೆ ಬೆಳಗುತ್ತದೆ. ಅದೇ ಕಾರು ಶಿರಾಡಿ ಘಾಟಿಯ ಮಳೆಯಲ್ಲಿ ತಿರುವು ಪಡೆಯುವಾಗ ಚಾಲಕನಿಗೆ ಕಾಣುವುದು ಬಿಳಿಯ ಪರದೆ ಮಾತ್ರ. ಎದುರಿನಿಂದ ಬರುವ ಬೈಕ್ ಸವಾರನಿಗಂತೂ ರಸ್ತೆಯ ಅಂಚೇ ಮಾಯವಾಗಿರುತ್ತದೆ.

ಕಣ್ಣು ಕೋರೈಸುವ ದೀಪಗಳ ವಿರುದ್ಧ ರಾಜ್ಯದ ಪೊಲೀಸರು 2024ರ ಜುಲೈನಲ್ಲಿ ವಿಶೇಷ ಕಾರ್ಯಾಚರಣೆ ಆರಂಭಿಸಿ, ಮೋಟಾರು ವಾಹನ ಕಾಯ್ದೆಯ 177ನೇ ಕಲಂ ಅಡಿ ಪ್ರಕರಣಗಳನ್ನು ದಾಖಲಿಸಿದರು. ದಂಡ ಬಿದ್ದಿತು. ಆದರೆ ಜನ ಹೆಡ್‌ಲೈಟ್ ಬದಲಿಸಲು ಮುಂದಾಗುವುದೇಕೆ, ಬದಲಿಸಿದ ಮೇಲೂ ದಾರಿ ಸರಿಯಾಗಿ ಕಾಣದಿರುವುದೇಕೆ ಎಂಬ ಪ್ರಶ್ನೆಗಳು ಹಾಗೆಯೇ ಉಳಿದವು. ಬಹಳಷ್ಟು ಪ್ರಕರಣಗಳಲ್ಲಿ ಕೊರತೆ ಇರುವುದು ಬೆಳಕಿನದಲ್ಲ; ಬೆಳಕು ಬೀಳಬೇಕಾದ ಜಾಗದಲ್ಲಿ ಬೀಳದಿರುವುದೇ ಮೂಲ ದೋಷ.

ದೋಷ ತಂತಿಯಲ್ಲಿ, ಶಿಕ್ಷೆ ಬಲ್ಬಿಗೆ

ವಾಹನಕ್ಕೆ ಐದಾರು ವರ್ಷ ತುಂಬುತ್ತಿದ್ದಂತೆ ಹೆಡ್‌ಲೈಟ್ ಮಂದವಾಗುವುದು ಸಾಮಾನ್ಯ. ಬಿಸಿಲಿಗೆ ಪ್ಲಾಸ್ಟಿಕ್ ಹೊರಗಾಜು ಹಳದಿಗಟ್ಟುತ್ತದೆ. ತಂತಿಯ ಕೊಂಡಿಗಳು ಕಿಲುಬು ಹಿಡಿಯುತ್ತವೆ. ಬಾಡಿಗೆ ಜೋಡಿಸಿದ ಅರ್ತ್ ತಂತಿ ಸಡಿಲವಾಗುತ್ತದೆ. ಪರಿಣಾಮವಾಗಿ ಬಲ್ಬಿಗೆ ತಲುಪುವ ವೋಲ್ಟೇಜ್ ಕುಸಿಯುತ್ತದೆ. ಹ್ಯಾಲೊಜೆನ್ ಬಲ್ಬಿನ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ: ವೋಲ್ಟೇಜ್ ಶೇ 10ರಷ್ಟು ಇಳಿದರೆ ಬೆಳಕು ಹೆಚ್ಚುಕಡಿಮೆ ಶೇ 30ರಷ್ಟು ಇಳಿಯುತ್ತದೆ.

ಇದನ್ನು ಪರೀಕ್ಷಿಸಲು ಒಂದು ಮಲ್ಟಿಮೀಟರ್ ಸಾಕು. ಎಂಜಿನ್ ಚಾಲೂ ಇದ್ದು ದೀಪ ಉರಿಯುತ್ತಿರುವಾಗ ಬ್ಯಾಟರಿಯ ವೋಲ್ಟೇಜನ್ನೂ ಬಲ್ಬಿನ ಹೋಲ್ಡರಿನ ವೋಲ್ಟೇಜನ್ನೂ ಹೋಲಿಸಬೇಕು. ಒಂದು ವೋಲ್ಟಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಕೆಲಸ ಆಗಬೇಕಿರುವುದು ತಂತಿಗೆ, ಬಲ್ಬಿಗಲ್ಲ. ಆದರೆ ಈ ಪರೀಕ್ಷೆಯನ್ನೇ ಮಾಡದೆ ಬಲ್ಬ್ ಬದಲಿಸುವುದು ರೂಢಿಯಾಗಿದೆ.

ಹೆಚ್ಚು ವಾಟ್‌ನ ಬಲ್ಬ್ ಇನ್ನೊಂದು ಅಪಾಯವನ್ನು ತರುತ್ತದೆ. ಸಾಮಾನ್ಯ ಎಚ್4 ಬಲ್ಬಿನ ಸಾಮರ್ಥ್ಯ 60/55 ವಾಟ್. ಅದರ ಜಾಗಕ್ಕೆ 100/90 ವಾಟ್‌ನ ಜೋಡಿ ಹಾಕಿದರೆ, ಹೈ ಬೀಮಿನಲ್ಲಿ 12 ವೋಲ್ಟ್ ಲೆಕ್ಕದಂತೆ ಕರೆಂಟ್ 10 ಆಂಪಿಯರ್‌ನಿಂದ ಸುಮಾರು 17 ಆಂಪಿಯರ್‌ಗೆ ಏರುತ್ತದೆ. ತಂತಿಯಲ್ಲಿ ಹುಟ್ಟುವ ಶಾಖ ಸುಮಾರು ಎರಡೂ ಮುಕ್ಕಾಲು ಪಟ್ಟಾಗುತ್ತದೆ. ಹೋಲ್ಡರ್ ಕರಗುವುದು, ಸ್ವಿಚ್ ಸುಡುವುದು, ಫ್ಯೂಸ್ ಪದೇ ಪದೇ ಹೋಗುವುದು ಇದರ ಲಕ್ಷಣಗಳು. ಫ್ಯೂಸ್ ಹೋಯಿತೆಂದು ಅದಕ್ಕಿಂತ ದೊಡ್ಡ ಫ್ಯೂಸ್ ಹಾಕುವುದು ಬೆಂಕಿಯನ್ನು ಕರೆದಂತೆ.

ಹಳೆಯ ವಾಹನಗಳಿಗೆ ಸರಿಯಾದ ಪರಿಹಾರವೆಂದರೆ ರಿಲೇ. ಬ್ಯಾಟರಿಯ ಬಳಿಯೇ ಫ್ಯೂಸ್ ಇಟ್ಟು, ದಪ್ಪ ತಂತಿಯ ಮೂಲಕ ಬಲ್ಬಿಗೆ ಕರೆಂಟ್ ಕೊಟ್ಟು, ಹಳೆಯ ಸ್ವಿಚ್ಚಿಗೆ ರಿಲೇಯನ್ನು ಎಬ್ಬಿಸುವ ಕೆಲಸವನ್ನಷ್ಟೇ ಬಿಡಬೇಕು. ಆಗ ಕಂಪನಿಯ 60/55 ವಾಟ್ ಬಲ್ಬೇ ಎಷ್ಟೋ ವಾಹನಗಳಲ್ಲಿ ಸಾಕೆನಿಸುತ್ತದೆ.

ಬೆಳಕು ಹೆಚ್ಚು, ದಾರಿ ಕಡಿಮೆ

ಎಲ್ಇಡಿ ಕಡಿಮೆ ವಿದ್ಯುತ್ತಿನಲ್ಲಿ ಹೆಚ್ಚು ಬೆಳಕು ಕೊಡುತ್ತದೆ ಎಂಬುದು ನಿಜ. ಆದರೆ ಹೆಡ್‌ಲೈಟಿನ ರಿಫ್ಲೆಕ್ಟರ್ ವಿನ್ಯಾಸಗೊಂಡಿರುವುದು ಹ್ಯಾಲೊಜೆನ್ ಬಲ್ಬಿನ ಕೂದಲೆಳೆಯಂಥ ತಂತುವಿಗಾಗಿ. ಎಚ್4 ಬಲ್ಬಿನಲ್ಲಿ ಲೋ ಬೀಮ್ ತಂತುವಿನ ಕೆಳಗೆ ಪುಟ್ಟ ಲೋಹದ ತಟ್ಟೆ ಇರುತ್ತದೆ. ರಿಫ್ಲೆಕ್ಟರಿನ ಕೆಳಭಾಗಕ್ಕೆ ಬೆಳಕು ಬಿದ್ದು ಅದು ಮೇಲಕ್ಕೆ ಚಿಮ್ಮದಂತೆ ತಡೆಯುವುದು ಇದೇ ತಟ್ಟೆ. ಬದಲಿ ಎಲ್ಇಡಿಯ ಚಿಪ್ ಕೆಲವೇ ಮಿಲಿಮೀಟರ್ ಆಚೀಚೆಯಾದರೂ ಈ ಲೆಕ್ಕವೆಲ್ಲ ತಪ್ಪುತ್ತದೆ. ಮೇಲಕ್ಕೆ ಚಿಮ್ಮಿದ ಬೆಳಕು ಮಳೆ ಹನಿಗೆ, ಮಂಜಿಗೆ ತಗುಲಿ ಚಾಲಕನ ಕಣ್ಣಿಗೇ ಮರಳುತ್ತದೆ.

ಈ ವಿಷಯದಲ್ಲಿ ಜರ್ಮನಿಯ ನಡೆ ಗಮನಾರ್ಹ. ಅಲ್ಲಿ 2020ರಲ್ಲಿ ಬದಲಿ ಎಲ್ಇಡಿ ಬಲ್ಬಿಗೆ ರಸ್ತೆ ಬಳಕೆಯ ಅನುಮತಿ ದೊರೆಯಿತಾದರೂ, ಅದು ಪರೀಕ್ಷೆಗೊಳಪಟ್ಟ ಕಾರು ಮಾದರಿಗಳಿಗಷ್ಟೇ ಸೀಮಿತವಾಗಿತ್ತು. ಬಲ್ಬ್ ಒಳ್ಳೆಯದೇ ಎಂದು ಕೇಳಿದರೆ ಸಾಲದು. ಅದು ಯಾವ ಹೆಡ್‌ಲೈಟಿನೊಳಗೆ ಒಳ್ಳೆಯದು ಎಂದು ಕೇಳಬೇಕು ಎಂಬುದೇ ಆ ನಿಯಮದ ತಿರುಳು.

ಮಿನುಗಿದರೆ ಏನರ್ಥ?

ಅಳವಡಿಸಿದ ಮೇಲೆ ಕಾಣುವ ತೊಂದರೆಗಳಿಗೂ ಕಾರಣಗಳಿವೆ. ಹೊಸ ಕಾರುಗಳ ನಿಯಂತ್ರಣ ಘಟಕ ಬಲ್ಬಿಗೆ ವಿದ್ಯುತ್ತನ್ನು ತುಂಡು ತುಂಡಾಗಿ ಕಳುಹಿಸುವುದುಂಟು. ಹ್ಯಾಲೊಜೆನ್ ಅದನ್ನು ಲೆಕ್ಕಿಸುವುದಿಲ್ಲ, ಎಲ್ಇಡಿ ಮಿನುಗುತ್ತದೆ. ಎಲ್ಇಡಿ ಎಳೆಯುವ ಕರೆಂಟ್ ಕಡಿಮೆಯಾದ್ದರಿಂದ ಬಲ್ಬ್ ಸುಟ್ಟಿದೆ ಎಂದು ಭಾವಿಸಿ ಡ್ಯಾಶ್‌ಬೋರ್ಡಿನ ಎಚ್ಚರಿಕೆ ದೀಪ ಹೊತ್ತಿಕೊಳ್ಳುತ್ತದೆ. ಇದಕ್ಕಾಗಿ ಹಾಕುವ ರೆಸಿಸ್ಟರ್ ಕೈ ಸುಡುವಷ್ಟು ಕಾಯುತ್ತದೆ. ಅದನ್ನು ಲೋಹದ ಭಾಗಕ್ಕೆ ಬಿಗಿಯಬೇಕೇ ಹೊರತು ತಂತಿಗಳ ಕಟ್ಟಿಗೆ ಸುತ್ತಬಾರದು. ಒಂದು ಬದಿಯ ದೀಪ ಹೊತ್ತದಿದ್ದರೆ ಪ್ಲಸ್-ಮೈನಸ್ ತಿರುವು ಮುರುವಾಗಿರಬಹುದು. ದೀಪ ಹಾಕಿದೊಡನೆ ಎಫ್ಎಂ ರೇಡಿಯೊ ಗರಗರ ಎಂದರೆ ಎಲ್ಇಡಿಯ ಡ್ರೈವರ್ ಕಳಪೆ ಎಂದರ್ಥ.

ಹಳೆಯ ಬೈಕುಗಳ ಕಥೆ ಬೇರೆ. ಹಲವು ಮಾದರಿಗಳಲ್ಲಿ ಹೆಡ್‌ಲೈಟಿಗೆ ಬ್ಯಾಟರಿಯ ಬದಲು ಎಂಜಿನ್ನಿನ ಕಾಯಿಲ್‌ನಿಂದ ನೇರವಾಗಿ ಎಸಿ ವಿದ್ಯುತ್ ಬರುತ್ತದೆ. ಡಿಸಿಗಾಗಿ ಮಾಡಿದ ಎಲ್ಇಡಿ ಅಲ್ಲಿ ಮಿನುಗುತ್ತದೆ, ಇಲ್ಲವೇ ಸುಟ್ಟುಹೋಗುತ್ತದೆ. ಫ್ಯಾನ್ ಹಿಡಿಸಲಿಲ್ಲವೆಂದು ಹೆಡ್‌ಲೈಟಿನ ಹಿಂದಿನ ರಬ್ಬರ್ ಮುಚ್ಚಳವನ್ನು ತೆಗೆದರೆ ಒಳಗೆ ನೀರು, ಧೂಳು ಸೇರಿ ರಿಫ್ಲೆಕ್ಟರ್ ಕೆಡುತ್ತದೆ.

ಗೋಡೆಯೇ ಸಾಕ್ಷಿ

ಅಳವಡಿಕೆ ಸರಿಯಾಗಿದೆಯೇ ಎಂದು ತಿಳಿಯಲು ಸಮತಟ್ಟಾದ ನೆಲ, ಗೋಡೆ ಇದ್ದರೆ ಸಾಕು. ಟೈರಿನ ಗಾಳಿ ಸರಿಯಿರಲಿ, ಚಾಲಕನ ಆಸನದಲ್ಲಿ ಒಬ್ಬರು ಕುಳಿತಿರಲಿ. ಗೋಡೆಯಿಂದ 10 ಮೀಟರ್ ದೂರದಲ್ಲಿ ಲೋ ಬೀಮ್ ಹಾಕಿದಾಗ ಬೆಳಕು-ಕತ್ತಲಿನ ಗೆರೆ ಸ್ಪಷ್ಟವಾಗಿ ಮೂಡಬೇಕು. ಬಹಳಷ್ಟು ಕಾರುಗಳಲ್ಲಿ ಆ ಗೆರೆ ಹೆಡ್‌ಲೈಟಿನ ಎತ್ತರಕ್ಕಿಂತ ಸುಮಾರು 10 ಸೆಂಟಿಮೀಟರ್ ಕೆಳಗಿರಬೇಕು; ನಿಖರ ಅಳತೆಯನ್ನು ಕಂಪನಿಯ ಕೈಪಿಡಿ ಹೇಳುತ್ತದೆ. ಭಾರತದಲ್ಲಿ ಎಡಬದಿಯ ಸಂಚಾರವಿರುವುದರಿಂದ ಗೆರೆ ಎಡಕ್ಕೆ ಮೇಲೇರಬೇಕು. ಬಲಕ್ಕೆ ಏರಿದರೆ ಆ ಹೆಡ್‌ಲೈಟ್ ತಯಾರಾದದ್ದು ಬಲಬದಿ ಸಂಚಾರದ ದೇಶಕ್ಕಾಗಿ. ಅದರ ಬೆಳಕು ನೇರ ಎದುರಿನವರ ಕಣ್ಣಿಗೆ. ಗೆರೆಯೇ ಮೂಡದಿದ್ದರೆ ಬಲ್ಬ್ ಕೂತಿರುವ ಕೋನ ತಪ್ಪಿದೆ, ಇಲ್ಲವೇ ಆ ಬಲ್ಬ್ ಆ ಹೆಡ್‌ಲೈಟಿಗೆ ಹೊಂದುವುದಿಲ್ಲ. ಅಂಥಲ್ಲಿ ಹಳೆಯ ಬಲ್ಬನ್ನೇ ಮರಳಿ ಹಾಕಿಸುವುದು ಲೇಸು.

ಕಾನೂನಿನ ಕೈ ಎಲ್ಲಿಯವರೆಗೆ?

ಕೇಂದ್ರ ಮೋಟಾರು ವಾಹನ ನಿಯಮ 106 ಪ್ರಜ್ವಲತೆಯನ್ನು ಅಳೆಯುವುದು ಎದುರಿನವರ ಕಣ್ಣಿನಿಂದ. ದೀಪದಿಂದ 8 ಮೀಟರ್ ಮುಂದೆ, ಅರ್ಧ ಮೀಟರ್ ಬಲಕ್ಕೆ, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣನ್ನು ಅದು ಕೋರೈಸಬಾರದು. ಕಾಯ್ದೆಯ 52ನೇ ಕಲಂ ತಯಾರಕರು ನಮೂದಿಸಿದ ಮೂಲ ವಿವರಗಳಿಗೆ ವ್ಯತಿರಿಕ್ತವಾದ ಮಾರ್ಪಾಡನ್ನು ನಿಷೇಧಿಸುತ್ತದೆ. ಸುಪ್ರೀಂ ಕೋರ್ಟ್ 2019ರ ಜನವರಿಯ ತೀರ್ಪಿನಲ್ಲಿ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯು ಅಕ್ರಮ ಮಾರ್ಪಾಡಿಗೆ ಆರು ತಿಂಗಳವರೆಗಿನ ಸಜೆ ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶ ಕಲ್ಪಿಸಿತು.

ಕಾನೂನು ಕಠಿಣವಾಗಿಯೇ ಇದೆ. ಆದರೆ ರಸ್ತೆಯಲ್ಲಿ ಸಿಕ್ಕಿಬೀಳುವುದು ವಾಹನ ಮಾಲೀಕ. ಯಾವ ಹೆಡ್‌ಲೈಟಿಗೆ ಹೊಂದುತ್ತದೆಂಬ ವಿವರವಿಲ್ಲದ ಬಲ್ಬುಗಳು ಅಂಗಡಿಗಳ ಕಟ್ಟೆಯ ಮೇಲೆ ಮಾರಾಟವಾಗುತ್ತಲೇ ಇವೆ. ತಪಾಸಣೆ ಅಲ್ಲಿಂದಲೇ ಶುರುವಾಗದೆ, ದೀಪದ ಕೋನವನ್ನು ಅಳೆಯುವ ವ್ಯವಸ್ಥೆ ಸಾಮಾನ್ಯ ಗ್ಯಾರೇಜುಗಳಿಗೂ ಬಾರದೆ ದಂಡವೊಂದೇ ಫಲ ಕೊಡಲಾರದು.

ಗಂಟೆಗೆ 60 ಕಿ.ಮೀ. ವೇಗದಲ್ಲಿ ಸಾಗುವ ಬೈಕ್ ಮೂರು ಸೆಕೆಂಡಿನಲ್ಲಿ 50 ಮೀಟರ್ ಕ್ರಮಿಸುತ್ತದೆ. ಎದುರಿನ ದೀಪಕ್ಕೆ ಕಣ್ಣು ಕತ್ತಲಿಟ್ಟ ಸವಾರ ಆ 50 ಮೀಟರನ್ನು ಕುರುಡಾಗಿಯೇ ದಾಟುತ್ತಾನೆ. ಆ ನಡುವೆ ಕೆಟ್ಟು ನಿಂತ ಲಾರಿ ಇರಬಹುದು, ರಸ್ತೆ ದಾಟುವ ಪಾದಚಾರಿ ಇರಬಹುದು. ಬಲ್ಬ್ ಕೊಳ್ಳುವ ಮುನ್ನ ತಂತಿಯನ್ನೂ, ಕೊಂಡ ಮೇಲೆ ಗೋಡೆಯ ಮೇಲಿನ ಗೆರೆಯನ್ನೂ ನೋಡುವಷ್ಟು ತಾಳ್ಮೆ ವಾಹನ ಮಾಲೀಕರಿಗೆ ಬಂದರೆ ಅಂಥ ಅನಾಹುತಗಳಲ್ಲಿ ಕೆಲವಾದರೂ ತಪ್ಪುತ್ತವೆ.