ಪರದೆ ಕತ್ತಲಾದರೂ ಸೀಸ ಉಳಿಯುತ್ತದೆ

ಹೊಸ ಯಂತ್ರ ಬಂದ ದಿನ ಉದ್ಘಾಟನೆ ನಡೆಯುತ್ತದೆ. ಹಳೆಯದು ಹೊರಟ ದಿನ ಅದು ಎಲ್ಲಿಗೆ ಹೋಯಿತೆಂದು ಕೇಳುವವರಿಲ್ಲ. ಸರ್ಕಾರಿ ಕಚೇರಿಗಳ ಹಳೆಯ ಗಣಕಯಂತ್ರಗಳ ವಿಷಯದಲ್ಲಿ ಈ ಪ್ರಶ್ನೆಯನ್ನು ಈಗಲಾದರೂ ಕೇಳಬೇಕಾಗಿದೆ.

2000ರ ದಶಕದ ಆರಂಭದಲ್ಲಿ ‘ಭೂಮಿ’ ಯೋಜನೆ ರಾಜ್ಯದ 177 ತಾಲ್ಲೂಕು ಕೇಂದ್ರಗಳನ್ನು ತಲುಪಿತು. ಬೀದರ್, ಭಾಲ್ಕಿ, ಔರಾದ್‌ಗಳ ರೈತನಿಗೂ ಮಲೆನಾಡಿನ ರೈತನಿಗೂ 15 ರೂಪಾಯಿಗೆ ಒಂದೇ ಬಗೆಯ ಪಹಣಿ ದೊರೆಯತೊಡಗಿತು. ಒಳಗೆ ನಡೆಯುವ ಕೆಲಸ ಹೊರಗೆ ನಿಂತ ರೈತನಿಗೂ ಕಾಣಲೆಂದು ಅವನತ್ತ ಮುಖಮಾಡಿದ ಎರಡನೆಯ ಪರದೆಯ ಏರ್ಪಾಡೂ ಇತ್ತು. ಆ ಕಾಲದ ಕಚೇರಿಗಳ ಪರದೆಗಳು ಬಹುಪಾಲು ಗಾಜಿನ ಕೊಳವೆಯ ಸಿ.ಆರ್.ಟಿ. ಮಾನಿಟರುಗಳು.

ಅವುಗಳನ್ನು ಗಣಕಕ್ಕೆ ಜೋಡಿಸುತ್ತಿದ್ದುದು 1987ರಲ್ಲಿ ಐ.ಬಿ.ಎಂ. ಕಂಪನಿ ತಂದ ವಿ.ಜಿ.ಎ. ವ್ಯವಸ್ಥೆ. ಮೂರು ಸಾಲುಗಳಲ್ಲಿ 15 ಪಿನ್ನುಗಳು. ಕೆಂಪು, ಹಸಿರು, ನೀಲಿಗೆ ಒಂದೊಂದು ತಂತಿ. ಬಣ್ಣದ ಹೆಚ್ಚು ಕಡಿಮೆಯನ್ನು ವಿದ್ಯುತ್ತಿನ ಏರಿಳಿತವೇ ತಿಳಿಸುತ್ತಿತ್ತು. ಒಂದು ಕಂಪನಿಯ ಪರದೆ ಮತ್ತೊಂದು ಕಂಪನಿಯ ಗಣಕಕ್ಕೆ ಹೊಂದುತ್ತಿತ್ತು. ಹೀಗೆ ಎಲ್ಲರಿಗೂ ಸಲ್ಲುವ ಮಾನಕವೇ ವಸ್ತುವಿನ ಆಯುಷ್ಯವನ್ನು ಹೆಚ್ಚಿಸುತ್ತದೆ. ತೆಳು ಪರದೆಗಳು ಬಂದು ದಪ್ಪ ಪರದೆಗಳನ್ನು ಮೂಲೆಗೆ ತಳ್ಳಿದವು. 2010ರ ಡಿಸೆಂಬರಿನಲ್ಲಿ ಇಂಟೆಲ್, ಎ.ಎಂ.ಡಿ. ಮೊದಲಾದ ಕಂಪನಿಗಳು 2015ರ ಹೊತ್ತಿಗೆ ವಿ.ಜಿ.ಎ.ಯನ್ನು ಕೈಬಿಡುವುದಾಗಿ ಸಾರಿದವು. ಕೆಟ್ಟಿರದ ಪರದೆಯೂ ಜೋಡಿಸುವ ಕಿಂಡಿಯಿಲ್ಲದೆ ಗುಜರಿಯಾಗುವ ಕಾಲ ಬಂತು.

ಆದರೆ ಗುಜರಿಯಾದೊಡನೆ ಅದರ ಕಥೆ ಮುಗಿಯುವುದಿಲ್ಲ. ನೋಡುವವರನ್ನು ಕ್ಷಕಿರಣದಿಂದ ಕಾಪಾಡಲೆಂದು ಕೊಳವೆಯ ಗಾಜಿನಲ್ಲಿ ಸೀಸ ಬೆರೆಸಿರುತ್ತಾರೆ. ಬಣ್ಣದ ಮಾನಿಟರೊಂದರಲ್ಲಿ ಅದು ಸಾಮಾನ್ಯವಾಗಿ ಒಂದು ಕಿಲೋಗೂ ಮಿಕ್ಕಿರುತ್ತದೆ. ಕೊಳವೆಯ ಕುತ್ತಿಗೆಗೆ ಸುತ್ತಿದ ತಾಮ್ರಕ್ಕೆ ಬೆಲೆಯಿದೆ, ಗಾಜಿಗೆ ಇಲ್ಲ. ಆದ್ದರಿಂದಲೇ ತಾಮ್ರ ಕಿತ್ತುಕೊಂಡವರು ಗಾಜನ್ನು ಒಡೆದು ತಿಪ್ಪೆಗೆ ಎಸೆಯುವ ಅಪಾಯವಿದೆ. ಒಳಗೆ ನಿರ್ವಾತವಿರುವುದರಿಂದ ಒಡೆಯುವವನ ಮೇಲೆಯೇ ಚೂರುಗಳು ಸಿಡಿಯಬಹುದು. ತಿಪ್ಪೆಯ ಹುಳಿನೀರು ಗಾಜಿನ ಸೀಸವನ್ನು ನಿಧಾನವಾಗಿ ಹೊರಗೆಳೆಯುತ್ತದೆ. ಮಕ್ಕಳ ಮಿದುಳಿನ ಬೆಳವಣಿಗೆಗೆ ಸೀಸ ಅಲ್ಪ ಪ್ರಮಾಣದಲ್ಲಿಯೂ ಕೇಡು.

ಬೀದರ್ ನಗರ ನಿಂತಿರುವುದು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲೆ. ಮಳೆನೀರು ಆ ಕಲ್ಲಿನ ಮೂಲಕ ಇಳಿಯುತ್ತದೆಂಬುದನ್ನು ಅರಿತೇ ಬಹಮನಿಗಳ ಕಾಲದವರು ನೌಬಾದಿನ ಸುರಂಗ ಬಾವಿಯನ್ನು ತೋಡಿದರು. ಮಲೆನಾಡಿನ ಅನೇಕ ಊರುಗಳ ಬಾವಿಗಳೂ ಜಂಬಿಟ್ಟಿಗೆಯಲ್ಲಿಯೇ ಇವೆ. ಮೇಲೆ ಎಸೆದದ್ದು ಕೆಳಗೆ ಇಳಿಯದೆಂಬ ಭರವಸೆ ಎರಡೂ ಕಡೆ ಇಲ್ಲ.

ಕಾನೂನು ಇಲ್ಲವೆಂದಲ್ಲ. ಇ-ತ್ಯಾಜ್ಯದ ಮೊದಲ ನಿಯಮಗಳು 2012ರ ಮೇ 1ರಿಂದ ಜಾರಿಗೆ ಬಂದವು. ಈಗಿರುವ 2022ರ ನಿಯಮಗಳು 2023ರ ಏಪ್ರಿಲ್ 1ರಿಂದ ನಡೆಯುತ್ತಿವೆ. ಊರಿನ ಕಸದಲ್ಲಿ ಬೆರೆತ ಇ-ತ್ಯಾಜ್ಯವನ್ನು ಬೇರ್ಪಡಿಸಿ ನೋಂದಾಯಿತ ಮರುಬಳಕೆದಾರರಿಗೆ ತಲುಪಿಸುವ ಹೊಣೆ ಸ್ಥಳೀಯ ಸಂಸ್ಥೆಗಳದ್ದು. ಬೆಂಗಳೂರಿನ ಸಮೀಪದ ದಾಬಸ್‌ಪೇಟೆಯಲ್ಲಿ ಇ-ಪರಿಸರ ಘಟಕ 2005ರಲ್ಲಿಯೇ ಆರಂಭವಾಯಿತು. ಆದರೆ ಔರಾದಿನಂಥ ಗಡಿ ತಾಲ್ಲೂಕಿನ ಒಂದೆರಡು ಮಾನಿಟರುಗಳು ರಾಜ್ಯದ ಇನ್ನೊಂದು ತುದಿಗೆ ತಾವಾಗಿಯೇ ಹೋಗಲಾರವು.

ಆದುದರಿಂದ ಪ್ರತಿ ತಾಲ್ಲೂಕು ಕೇಂದ್ರದಲ್ಲಿಯೂ ಬೀಗವಿರುವ ಒಂದು ಸಂಗ್ರಹ ಕೊಠಡಿ ಬೇಕು. ಕಚೇರಿಯಿಂದ ಹೊರಟ ಪರದೆ ಯಾರ ಕೈ ಸೇರಿತೆಂಬ ದಾಖಲೆ ಜನರಿಗೆ ನೋಡಸಿಗಬೇಕು. ವಿದ್ಯಾರ್ಥಿಗಳು ತಮ್ಮ ಶಾಲೆಯ ಉಗ್ರಾಣದಲ್ಲಿರುವ ಮಾನಿಟರುಗಳನ್ನು ಎಣಿಸಿ ಪಂಚಾಯಿತಿಗೆ ಪಟ್ಟಿ ಕೊಡಬಹುದು. ಬಿಚ್ಚುವ ಸಾಹಸ ಮಾತ್ರ ಬೇಡ. ನಡೆಯುವ ಪರದೆ ನಡೆಯುವಷ್ಟು ದಿನ ನಡೆಯಲಿ. ಹೊಲದ ಲೆಕ್ಕವನ್ನು ರೈತನಿಗೆ ತೋರಿಸಲು ಬಂದ ಯಂತ್ರ, ಕೊನೆಗೆ ಅವನ ಹೊಲಕ್ಕೇ ವಿಷವಾಗದಿರಲಿ.