ಫಲಿತಾಂಶದ ದಿನ ಎರಡು ದೋಸೆ

ಪಿಯುಸಿ ಗಣಿತದಲ್ಲಿ ಮಗಳು ನಪಾಸು. ಬೆಳಗಿನಿಂದ ಊಟ ಬಿಟ್ಟು ಬಾಗಿಲು ಹಾಕಿಕೊಂಡಿದ್ದಳು. ಬೈಯಲು ಹೋದವನು ಅದೇಕೋ ಸ್ಕೂಟರ್ ತೆಗೆದೆ.

ಗಾಂಧಿ ಬಜಾರಿನ ವಿದ್ಯಾರ್ಥಿ ಭವನ, 1943ರಲ್ಲಿ ಸುತ್ತಲಿನ ವಿದ್ಯಾರ್ಥಿಗಳಿಗೆಂದೇ ಶುರುವಾದ ಹೋಟೆಲು. (ಶುಕ್ರವಾರ ಹೋಗಿ ಪೆಚ್ಚಾಗಬೇಡಿ, ರಜೆ.) ಮಾಣಿ ತೋಳುದ್ದ ತಟ್ಟೆ ಪೇರಿಸಿಕೊಂಡು ಬಂದ. ಮೇಲೆ ಗರಿಗರಿ, ಒಳಗೆ ಮೆತ್ತಗೆ. ಸಾಂಬಾರು ಕೇಳಬೇಡಿ, ಚಟ್ನಿಯೇ ಎಲ್ಲ. ಎರಡನೆಯ ದೋಸೆಯ ಹೊತ್ತಿಗೆ ಅವಳ ಕಣ್ಣು ಒಣಗಿತ್ತು.

ಆಮೇಲೆ ಕಾರ್ನರ್ ಹೌಸ್. 1982ರಿಂದ ಇರುವ ಐಸ್‌ಕ್ರೀಂ ಅಂಗಡಿ. ಅವಳು ಕೇಳಿದ್ದು 'ಡೆತ್ ಬೈ ಚಾಕೊಲೇಟ್'. ಆ ದಿನ ಆ ಹೆಸರು ಕೇಳಿ ಎದೆ ಧಸಕ್ಕೆಂದಿತು. ಬಂದದ್ದು ಕೇಕು, ಐಸ್‌ಕ್ರೀಂ, ಚಾಕೊಲೇಟು ಸಾಸಿನ ಗುಡ್ಡ. ಒಂದಕ್ಕೆ ಎರಡು ಚಮಚ ಸಾಕು.

ಗುಡ್ಡ ಅರ್ಧ ಕರಗಿದಾಗ ಅವಳೇ ಕೇಳಿದಳು: "ಅಪ್ಪಾ, ಮತ್ತೆ ಪರೀಕ್ಷೆ ಕಟ್ಟೋಕೆ ಕೊನೇ ದಿನ ಯಾವತ್ತು?"