ಕೋಳಿಯ ಮೊಟ್ಟೆಯೂ ಋತುಮಾನವೂ

ನಮ್ಮ ಸಂತೆಮರಹಳ್ಳಿಯ ಸುತ್ತಿನ ಜನರು ನಾಟಿಕೋಳಿಯ ಮೊಟ್ಟೆಗೆ ಫಾರಂ ಮೊಟ್ಟೆಗಿಂತ ಹೆಚ್ಚಿನ ಬೆಲೆಯನ್ನು ಸಂತೋಷದಿಂದಲೇ ತೆರುತ್ತಾರೆ. ಅದು ಎಲ್ಲ ಕಾಲದಲ್ಲಿಯೂ ಶ್ರೇಷ್ಠವೆಂಬ ಭಾವನೆಯೇ ಇದಕ್ಕೆ ಕಾರಣ. ಈ ಭಾವನೆಯು ಅರ್ಧಸತ್ಯವೆಂದೂ, ಉಳಿದರ್ಧವನ್ನು ಅರಿಯದಿದ್ದರೆ ನಷ್ಟವು ನಮ್ಮ ಮಕ್ಕಳಿಗೇ ತಟ್ಟುವುದೆಂದೂ ನಾವು ಹೇಳಬೇಕಾಗಿದೆ.

ಮೊಟ್ಟೆಯಲ್ಲಿನ ಜೀವಸತ್ವವು ಬಹುಮಟ್ಟಿಗೆ ಕೋಳಿಯು ತಿಂದ ಮೇವನ್ನೂ ಅದರ ಮೈಮೇಲೆ ಬಿದ್ದ ಬಿಸಿಲನ್ನೂ ಅವಲಂಬಿಸಿರತಕ್ಕದ್ದು. ಹಸುರು ಸೊಪ್ಪಿನಲ್ಲಿರುವ ಕೆರೋಟಿನ್ ಎಂಬ ವಸ್ತುವು ಕೋಳಿಯ ಒಡಲಿನಲ್ಲಿ ‘ಎ’ ಜೀವಸತ್ವವಾಗಿ ಮಾರ್ಪಟ್ಟು ಮೊಟ್ಟೆಯ ಹಳದಿಯನ್ನು ಸೇರುತ್ತದೆ. ‘ಡಿ’ ಜೀವಸತ್ವವಾದರೋ ಬಿಸಿಲಿನಿಂದ ಉತ್ಪನ್ನವಾಗುವುದು. ಬಯಲಿನಲ್ಲಿ ಅಡ್ಡಾಡುವ ಕೋಳಿಯ ಮೊಟ್ಟೆಯಲ್ಲಿ ಇದು ಒಳಗೇ ಕೂಡಿಹಾಕಿದ ಕೋಳಿಯದಕ್ಕಿಂತ ಮೂರು ನಾಲ್ಕು ಪಟ್ಟು ಹೆಚ್ಚಾಗಿರುವುದೆಂದು ಜರ್ಮನಿಯ ವಿದ್ವಾಂಸರು 2014ರಲ್ಲಿ ಪ್ರಕಟಿಸಿದರು.

ಯೂರೋಪಿನಲ್ಲಿ ಚಳಿಗಾಲವೇ ಇಂಥ ಮೊಟ್ಟೆಗೆ ಬಡಕಾಲ. ಆಗ ಅಲ್ಲಿ ಬಿಸಿಲಿಗೆ ಬಲವಿಲ್ಲ, ನೆಲದಲ್ಲಿ ಹಸುರಿಲ್ಲ. ನಮ್ಮ ಸೀಮೆಯ ಗತಿಯೇ ಬೇರೆ. ಸುಮಾರು 12 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ನಮಗೆ ಬಿಸಿಲಿಗೆ ಬರವಿಲ್ಲ, ಹಸುರಿಗೆ ಮಾತ್ರ ಬರ. ಮಳೆಗಾಲದಲ್ಲಿ ಹಿತ್ತಿಲಿನ ಕೋಳಿಗೆ ಗರಿಕೆಯೂ ಹುಳುವೂ ಯಥೇಚ್ಛವಾಗಿ ದೊರೆಯುವುವು. ಚೈತ್ರ ಬರುವಷ್ಟರಲ್ಲಿ ನೆಲವು ಬೋಳಾಗಿ, ನುಚ್ಚೂ ತೌಡೂ ಗತಿಯಾಗುವುವು. ಯಕೃತ್ತಿನಲ್ಲಿ ಕೂಡಿಟ್ಟಿದ್ದ ‘ಎ’ ಜೀವಸತ್ವವು ಕರಗಿದಂತೆಲ್ಲ ಮೊಟ್ಟೆಯಲ್ಲಿಯೂ ಅದು ಇಳಿಯುತ್ತದೆ. ಫಾರಂ ಕೋಳಿಯ ಮೇವಿಗಾದರೋ ಜೀವಸತ್ವಗಳನ್ನು ಬೆರೆಸಿಯೇ ಕೊಡುವುದರಿಂದ ಅದರ ಮೊಟ್ಟೆಯು ವರ್ಷವಿಡೀ ಹೆಚ್ಚು ಕಡಮೆ ಒಂದೇ ಸಮನಾಗಿರುವುದು. ಹಳದಿಯ ಬಣ್ಣವನ್ನು ನೋಡಿ ಸತ್ವವನ್ನು ಅಳೆಯುವುದೂ ತರವಲ್ಲ. ನಮ್ಮ ಗುಂಡ್ಲುಪೇಟೆಯ ಹೊಲಗಳಲ್ಲಿ ಬೆಳೆಯುವಂಥ ಚೆಂಡುಹೂವಿನಿಂದ ತೆಗೆದ ಬಣ್ಣವನ್ನು ಕೋಳಿಮೇವಿಗೆ ಬೆರೆಸುವುದುಂಟು, ಆ ಬಣ್ಣವು ‘ಎ’ ಜೀವಸತ್ವವಾಗಲಾರದು.

ಇನ್ನು ಮಕ್ಕಳ ವಿಚಾರ. ಸರ್ಕಾರವು 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ಶಾಲೆಯ ಮೊಟ್ಟೆಯನ್ನು ವಾರಕ್ಕೆ ಆರು ದಿನಗಳಿಗೆ ವಿಸ್ತರಿಸಿದುದು ಸ್ತುತ್ಯವಾದ ಕಾರ್ಯ. ಆದರೆ ಏಪ್ರಿಲ್ ಮೇ ತಿಂಗಳುಗಳಲ್ಲಿ ಶಾಲೆಗಳಿಗೆ ರಜೆ. ಶಾಲೆಯ ಮೊಟ್ಟೆ ನಿಲ್ಲುವುದೂ ಮನೆಯ ಮೊಟ್ಟೆಯು ಬಡವಾಗುವುದೂ ಒಂದೇ ಕಾಲದಲ್ಲಿ ಒದಗುತ್ತವೆ. ಸಾಲದುದಕ್ಕೆ, ಮೊಟ್ಟೆಯು ಉಷ್ಣವೆಂದು ಬೇಸಗೆಯಲ್ಲಿ ಮಕ್ಕಳಿಗೆ ಅದನ್ನು ತಪ್ಪಿಸುವ ಮನೆಗಳೂ ಉಂಟು. ಸತ್ವವು ತಗ್ಗಿದ ಮೊಟ್ಟೆಯೂ ಮೊಟ್ಟೆಯೇ. ಅದರಲ್ಲಿ ಸುಮಾರು 6 ಗ್ರಾಂ ಸಸಾರಜನಕವಿದೆ. ಮಗುವಿನ ಪಾಲನ್ನು ನಿಲ್ಲಿಸುವುದು ನ್ಯಾಯವಲ್ಲ.

ಪರಿಹಾರವು ಕಷ್ಟಸಾಧ್ಯವೇನೂ ಅಲ್ಲ. ಬಚ್ಚಲ ನೀರು ಹರಿಯುವೆಡೆಯಲ್ಲಿ ಒಂದು ನುಗ್ಗೆಯ ಗಿಡವೋ, ಒಂದು ಮಡಿ ಕುದುರೆಮೆಂತ್ಯವೋ ಇದ್ದರೆ ಬೇಸಗೆಯಲ್ಲಿಯೂ ಕೋಳಿಗೆ ದಿನಕ್ಕೊಂದು ಹಿಡಿ ಸೊಪ್ಪು ದೊರೆಯುವುದು. ನುಗ್ಗೆಯ ಸೊಪ್ಪು ಮಕ್ಕಳ ಸಾರಿಗೂ ಆಗುವುದು. ಗಿರಿರಾಜ ಮೊದಲಾದ ಕೋಳಿಮರಿಗಳನ್ನು ಕೊಡುವಾಗ ಈ ಮಾತನ್ನೂ ಮನೆಯವರಿಗೆ ತಿಳಿಯಹೇಳುವುದು ಪಶುಪಾಲನಾ ಇಲಾಖೆಯ ಅಧಿಕಾರಿಗಳ ಕರ್ತವ್ಯ. ಬರುವ ಬೇಸಗೆಗೆ ಮುಂಚೆಯೇ ಪಂಚಾಯಿತಿಗಳು ನುಗ್ಗೆಯ ಕಡ್ಡಿಗಳನ್ನು ಮನೆಮನೆಗೂ ಹಂಚಲೆಂದು ನಾವು ಆಗ್ರಹಪೂರ್ವಕವಾಗಿ ಸೂಚಿಸುತ್ತೇವೆ.